ಭಾನುವಾರ ಕಂಡು ಬುಧವಾರ ಕಾಣದ ದಾರಿ

ಮೂವತ್ತಾರನೆಯ ವಯಸ್ಸಿಗೇ ನಿವೃತ್ತನಾದೆ ಎಂದರೆ ಜನ ಮೊದಲು ನನ್ನ ತಲೆಗೂದಲು ನೋಡುತ್ತಾರೆ, ಆಮೇಲೆ ಮುಖ ನೋಡುತ್ತಾರೆ, ಕೊನೆಗೆ ದನಿ ತಗ್ಗಿಸಿ "ಬಿಡಿಸಿದ್ರಾ?" ಎಂದು ಕೇಳುತ್ತಾರೆ. ಬಿಡಿಸಿದ್ದೂ ಹೌದು, ಬಿಟ್ಟದ್ದೂ ಹೌದು. ಹಾರ ಹಾಕಲಿಲ್ಲ, ಶಾಲು ಹೊದಿಸಲಿಲ್ಲ, ನನ್ನ ಬಗ್ಗೆ ನಾಲ್ಕು ಒಳ್ಳೆಯ ಮಾತು ಯಾರೂ ಆಡಲಿಲ್ಲ. ಆದ್ದರಿಂದ ಆ ಕೆಲಸವನ್ನೂ ನಾನೇ ಮಾಡಿಕೊಳ್ಳಬೇಕಾಗಿ ಬಂದಿದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲೂಕುಗಳಲ್ಲಿ ಹದಿಮೂರು ವರ್ಷ ಪರವಾನಗಿ ಸರ್ವೆಯರ್ ಆಗಿ ಜಮೀನು ಅಳೆದವನು ನಾನು. ಸರ್ಕಾರಿ ನೌಕರನಲ್ಲ, ಪರವಾನಗಿ ಇರುವವರೆಗೆ ಸರ್ವೆಯರ್, ಇಲ್ಲದ ದಿನ ಬರೀ ಮಂಜುನಾಥ. ಹೋದ ತಿಂಗಳು ಹೊಸದಾಗಿ ಪರವಾನಗಿ ಪಡೆದ ಇಬ್ಬರು ಮನೆಗೆ ಬಂದಿದ್ದರು. ಅವರಲ್ಲೊಬ್ಬ ಕಥೆ ಬರೆಯುವವನಂತೆ. "ಸರ್, ಈ ಕೆಲಸದ ಮಧ್ಯೆ ಬರೆಯೋದಕ್ಕೂ ಸುತ್ತೋದಕ್ಕೂ ಹೇಗೆ ಟೈಮ್ ಹೊಂದಿಸ್ತಿದ್ರಿ?" ಎಂದು ಕೇಳಿದ. ಟೈಮ್ ಹೊಂದಿಸುವುದು ಏನೂ ಕಷ್ಟವಲ್ಲಪ್ಪಾ ಎಂದೆ. ಯಾವುದು ಕಷ್ಟ ಎಂಬುದನ್ನು ಹೇಳಲು ಕಾಫಿ ಕುಡಿಯುವಷ್ಟು ಹೊತ್ತು ಸಾಲಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾವ ಘಟನೆ ಯಾವ ತಾಲೂಕಿನದು ಎಂದು ಮಾತ್ರ ಕೇಳಬೇಡಿ. ಮೂರು ಊರಿನ ಬಸ್ಸನ್ನೂ ನಾನು ಇನ್ನೂ ಹತ್ತಬೇಕಾಗಿದೆ.

ಮೊದಲ ವರ್ಷದ ಮೊದಲ ಪಾಠ. ಒಂದು ಹಳ್ಳಿಯಲ್ಲಿ ಬಾಂದು ಕಲ್ಲು, ಅಂದರೆ ಗಡಿ ಗುರುತಿಸುವ ಕಲ್ಲು, ಎರಡು ತಾಸು ಹುಡುಕಿದರೂ ಸಿಗಲಿಲ್ಲ. ಹಳೆಯ ದಾಖಲೆ ಅಲ್ಲೇ ಇದೆ ಎನ್ನುತ್ತದೆ, ನನ್ನ ಟೇಪೂ ಅಲ್ಲೇ ಇದೆ ಎನ್ನುತ್ತದೆ. ಅಲ್ಲಿ ಇದ್ದವರು ಬಟ್ಟೆ ಒಗೆಯುತ್ತಿದ್ದ ಒಬ್ಬ ಹೆಂಗಸು ಮಾತ್ರ. ಮೂರನೆಯ ಸಲ ನಾನು ಅದೇ ಜಾಗ ಸುತ್ತಿದಾಗ ಅವರು ತಲೆ ಎತ್ತಿ, "ಎಂತ ಹುಡ್ಕ್ತೀರಿ?" ಎಂದರು. ಕಲ್ಲು ಎಂದೆ. "ಇದನಾ?" ಎಂದು ಕಂಬಳಿ ಸರಿಸಿ ತೋರಿಸಿದರು. ಅವರ ಅತ್ತೆಯ ಕಾಲದಿಂದಲೂ ಎರಡು ಜಮೀನಿನ ಗಡಿಯ ಮೇಲೆ ಆ ಮನೆಯ ಬಟ್ಟೆಯೆಲ್ಲ ಬಿಳಿಯಾಗುತ್ತಿತ್ತು. "ಒಂದೇ ಕಂಬಳಿ ಉಳ್ದಿದ್ದು, ಒಗ್ದು ಏಳ್ತೀನಿ, ಆಮೇಲೆ ಅಳ್ಕಳಿ" ಎಂದರು. ಕಾದೆ. ಸರ್ವೆಯಲ್ಲಿ ಮೊದಲು ಬೇಕಾದದ್ದು ಟೇಪಲ್ಲ, ಇಂಥ ಕಡೆ ಸುಮ್ಮನೆ ನಿಲ್ಲುವ ತಾಳ್ಮೆ.

ನನ್ನ ಅಳತೆಗಳನ್ನು ಪರೀಕ್ಷಿಸುತ್ತಿದ್ದವರು ತಪಾಸಕರಾದ ಶಿವಪ್ಪನವರು. ಸರಪಳಿ ಎಳೆದು ಅಳೆದ ಕಾಲದವರು. ನಕ್ಷೆ ಮುಂದಿಟ್ಟರೆ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಳ್ಳುವರು, ಕನ್ನಡಕ ಹಣೆಗೇರಿಸುವರು, ತೋರುಬೆರಳನ್ನು ಗಡಿಗೆರೆಯ ಮೇಲೆ ಇರುವೆಯಂತೆ ನಡೆಸುವರು. ಅದು ಎಲ್ಲಾದರೂ ನಿಂತಿತೋ, "ಹ್ಞಾ... ಇಲ್ಲಿ ನೀನು ಎಲ್ಲಿ ನಿಂತು ನೋಡ್ದೆ?" ಎಂಬ ಪ್ರಶ್ನೆ. ನಿಂತೇ ಇಲ್ಲದಿದ್ದರೆ ಆ ಬೆರಳಿಗೆ ಹೇಗೋ ಗೊತ್ತಾಗುತ್ತಿತ್ತು.

ನನಗೆ ಹುಟ್ಟಿನಿಂದ ಒಂದು ರೋಗ. ಯಾರ ದನಿ ಕೇಳಿದರೂ ಅದು ನನ್ನ ಗಂಟಲಲ್ಲಿ ಬಾಡಿಗೆಗೆ ಬಂದು ಕೂರುತ್ತದೆ. ಶಿವಪ್ಪನವರ ದನಿಯಂತೂ ಮೊದಲ ವಾರದಲ್ಲೇ ಬಂದಿತ್ತು. ಒಮ್ಮೆ ಒಬ್ಬ ಬಾಜುದಾರ, ಅಂದರೆ ಪಕ್ಕದ ಜಮೀನಿನವನು, ನೋಟಿಸಿಗೆ ಸಹಿ ಹಾಕಲು ನಾಲ್ಕು ದಿನ ಅಲೆದಾಡಿಸಿದ. ಐದನೆಯ ದಿನ ಅವನ ಮನೆಗೆ ಫೋನು ಮಾಡಿ, ಎರಡು ಸಲ ಗಂಟಲು ಸರಿಮಾಡಿ, "ಹ್ಞಾ... ನಾನು ತಪಾಸಕ ಶಿವಪ್ಪ ಮಾತಾಡೋದು. ನಮ್ಮ ಹುಡುಗನಿಗೆ ಸಹಿ ಯಾಕೆ ಕೊಟ್ಟಿಲ್ಲ?" ಎಂದೆ. ಆ ಕಡೆಯವನು ಬಲು ವಿನಯದಿಂದ, "ಶಿವಪ್ಪ ಸಾರು ನಮ್ಮನೆ ಜಗಲಿ ಮೇಲೇ ಕೂತು ಕಾಫಿ ಕುಡೀತಿದಾರಲ್ಲ ಸಾರ್. ಅವ್ರಿಗೇ ಕೊಡ್ಲಾ?" ಎಂದ.

ಕೊಟ್ಟ. ಶಿವಪ್ಪನವರು ಬೈಯಲಿಲ್ಲ. "ಸಹಿ ನಾನು ಹಾಕಿಸ್ಕಂಡಿದೀನಿ. ನನ್ನ ದನಿ ತಗೊಂಡಿದ್ದು ತಗೊಂಡೆ, ಸೊಂಟ ನೋವನ್ನೂ ತಗೊಂಡ್ಬಿಡು ಮಾರಾಯ" ಎಂದು ಫೋನಿಟ್ಟರು.

ಈಗ ವಾರದ ಲೆಕ್ಕಾಚಾರಕ್ಕೆ ಬರುತ್ತೇನೆ, ಕಥೆಗಾರ ತರುಣ ಕೇಳಿದ್ದೂ ಅದನ್ನೇ. ಸೋಮವಾರದಿಂದ ಶುಕ್ರವಾರದವರೆಗೆ ಅಳತೆ. ಶನಿವಾರ ಕಚೇರಿಯಲ್ಲಿ ಕೂತು ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸುವುದು. ಸರ್ವರ್ ಕೆಟ್ಟರೆ ಕೆಟ್ಟ ಸರ್ವರನ್ನು ಅನುಕರಿಸಿ ಎಲ್ಲರನ್ನೂ ನಗಿಸುವುದು. ನಾನು ಸೇರಿದಾಗ ಟೇಪು ಇತ್ತು. ನಡುವೆ ಮುಕ್ಕಾಲಿ ಮೇಲೆ ಕೂರುವ ಯಂತ್ರ ಬಂತು. ಕೊನೆಗೆ ಉಪಗ್ರಹದಿಂದ ಅಳತೆ ಪಡೆಯುವ ರೋವರ್ ಬಂತು. ಈ ಕೊನೆಯದು ಬಯಲಿನಲ್ಲಿ ಮಹಾ ಜಾಣ, ಮರದಡಿ ನಿಂತರೆ ಬಾಯೇ ಬಿಡುವುದಿಲ್ಲ. ನಮ್ಮ ಕಡೆ ಮರ ಇಲ್ಲದ ಜಾಗ ಎಲ್ಲಿದೆ? ಹಾಗಾಗಿ ಟೇಪು ಚೀಲದಲ್ಲಿ ಉಳಿದೇ ಇತ್ತು.

ಬರವಣಿಗೆಗೆ ಬೆಳಗಿನ ಐದರಿಂದ ಆರೂವರೆ. ಸಾಗರದಿಂದ ಹೊರಡುವ ಒಂದು ಸಣ್ಣ ವಾರಪತ್ರಿಕೆಗೆ ಅಂಕಣ ಬರೆಯುತ್ತಿದ್ದೆ. ಓದುವವರು ಎಷ್ಟು ಜನ ಎಂದು ಸಂಪಾದಕರನ್ನು ಕೇಳಿದರೆ "ನೀನು ಬೈದವರೆಲ್ಲ ಓದ್ತಾರೆ" ಎನ್ನುತ್ತಿದ್ದರು. ಭಾನುವಾರ ನಡಿಗೆ. ಬೆಳಗಿನ ರೈಲು ಹತ್ತಿ ತಾಳಗುಪ್ಪದಲ್ಲಿ ಇಳಿದು ಒಳದಾರಿಗಳಲ್ಲಿ ಸಾಗರಕ್ಕೆ ವಾಪಸು ನಡೆಯುವುದು, ಇಲ್ಲವೆ ಹೆಗ್ಗೋಡಿನ ಕಡೆ, ಇಲ್ಲವೆ ಯಾವುದಾದರೂ ಬಸ್ಸು ಹತ್ತಿ ಹೆಸರು ಇಷ್ಟವಾದ ನಿಲ್ದಾಣದಲ್ಲಿ ಇಳಿಯುವುದು. ನನ್ನಮ್ಮನಿಗೆ ಇದು ಕೊನೆಗೂ ಅರ್ಥವಾಗಲಿಲ್ಲ. "ವಾರವೆಲ್ಲ ನಡಿಯೋದೇ ಕೆಲ್ಸ. ರಜೆ ದಿನ ಎಂತಕ್ಕೆ ನಡೀತೀಯಾ? ಅಡಿಗೆ ಭಟ್ರು ರಜೆ ಹಾಕಿ ಮನೇಲಿ ಒಲೆ ಹಚ್ತಾರನಾ?" ಎಂದು ಕೇಳುತ್ತಿದ್ದಳು.

ಅದಕ್ಕೆ ನನ್ನ ಬಳಿ ಉತ್ತರವಿತ್ತು. ಅಳೆಯುವಾಗ ಕಣ್ಣು ಕಲ್ಲಿನಿಂದ ಕಲ್ಲಿಗೆ ಹೋಗುತ್ತದೆ. ನಡುವಿನದು ಬರೀ ದೂರ. ಸುಮ್ಮನೆ ನಡೆಯುವಾಗ ಆ ನಡುವಿನದೇ ಎಲ್ಲ. ಇವೆರಡು ಬೆರೆಯಬಾರದು ಎಂದು ಎರಡು ಪುಸ್ತಕ ಇಟ್ಟಿದ್ದೆ. ಅಳತೆಗೆ ಹಸಿರು ರಟ್ಟಿನದು, ಭಾನುವಾರಕ್ಕೆ ಅಂಗಿಯ ಜೇಬಿನಲ್ಲಿ ಹಿಡಿಯುವ ಸಣ್ಣದು. ಗೆಳೆಯರ ಮುಂದೆ ಈ ಶಿಸ್ತಿನ ಬಗ್ಗೆ ಕೊಚ್ಚಿಕೊಂಡೂ ಇದ್ದೆ.

ಅಂಥ ಒಂದು ಭಾನುವಾರ ಟಾರು ರಸ್ತೆಯ ಬದಿ ಬಸ್ಸಿಳಿದು ಒಂದು ಕಾಲುದಾರಿ ಹಿಡಿದೆ. ಒಬ್ಬರೇ ಒಬ್ಬರು ನಡೆದು ಸವೆದದ್ದಲ್ಲ, ಅಗಲವಾಗಿತ್ತು. ಹಳೆಯ ಗೇರುತೋಟದೊಳಗೆ ಹಾದು, ಒಂದು ಹಲಸಿನ ಮರವನ್ನು ಬಳಸಿ, ದಿಣ್ಣೆಯ ಆಚೆಯ ಮೂರು ಮನೆಗಳಿಗೆ ಹೋಗುತ್ತಿತ್ತು. ಎದುರಿಗೆ ನಲವತ್ತೈದರ ಒಬ್ಬ ಹೆಂಗಸು ಗಂಡನ ತೋಳು ಹಿಡಿದು ನಡೆಸಿಕೊಂಡು ಬರುತ್ತಿದ್ದರು. ಊರಿನ ಅಂಗನವಾಡಿ ನಡೆಸುವ ಲೀಲಕ್ಕ ಅವರು. ಗಂಡ ಚಂದ್ರಣ್ಣ ಎರಡು ವರ್ಷದ ಹಿಂದೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ಲೀಲಕ್ಕನ ಹೆಗಲ ಮೇಲೆ.

"ಯಾರು? ಓಟು ಕೇಳೋಕೆ ಬಂದ್ರಾ?" ಎಂದರು ಲೀಲಕ್ಕ.

"ಇಲ್ಲ ಅಕ್ಕಾ, ಸುಮ್ನೆ ನಡೀತಿದೀನಿ."

"ಸುಮ್ನೆ ನಡೆಯೋಕೆ ಬಸ್ ಹತ್ಕಂಡು ಬಂದ್ರಾ? ಕೇಳಿ ಇಲ್ಲಿ, ನಾನು ಇವ್ರನ್ನ ದಿನಾ ರಸ್ತೆವರೆಗೆ ನಡಿಸ್ಬೇಕು, ಡಾಕ್ಟ್ರು ಹೇಳಿದಾರೆ. ಇವ್ರು ನಡಿಯೋಕೆ ಕೊಸರ್ತಾರೆ. ನಿಮಗೆ ಅಷ್ಟು ಆಸೆ ಇದ್ರೆ ಇವ್ರ ಬದ್ಲು ನೀವೇ ನಡೀರಿ."

ಚಂದ್ರಣ್ಣ ನಕ್ಕರು. "ಅವ್ಳ ಅಂಗನವಾಡಿಲಿ ನಾನೇ ದೊಡ್ಡ ಮಗು ಕಣ್ರಿ. ರಸ್ತೆ ಮುಟ್ಟಿದ್ರೆ ಚಾ ಅಂಗಡಿ ಬೆಂಚಿನ ಮೇಲೆ ಅರ್ಧ ಗಂಟೆ ಕೂರಿಸ್ತಾಳೆ. ಅದೊಂದೇ ನಂಗೆ ಲಂಚ."

ಅವರ ಜೊತೆ ರಸ್ತೆಯವರೆಗೂ ವಾಪಸು ನಡೆದೆ, ಚಹಾ ಕುಡಿದೆ. ಸಣ್ಣ ಪುಸ್ತಕ ತುಂಬಿತು. ಆ ವಾರದ ಅಂಕಣದಲ್ಲಿ ಗೇರುತೋಟ, ದಾರಿ, ಹಲಸಿನ ಮರ, ಲೀಲಕ್ಕನ ಮಾತು ಎಲ್ಲ ಇದ್ದವು. ತಡೆಯಲಾರದೆ ಶಿವಪ್ಪನವರನ್ನೂ ಸೇರಿಸಿದೆ, ಹೆಸರು ಹೇಳದೆ: "ನಮ್ಮ ತಪಾಸಕರೇನಾದರೂ ಈ ದಾರಿಯಲ್ಲಿ ಬಂದರೆ ಎರಡು ಸಲ ಕೆಮ್ಮಿ, ಹಲಸಿನ ಮರವನ್ನೂ 'ಹ್ಞಾ... ನೀನು ಎಲ್ಲಿ ನಿಂತು ನೋಡ್ದೆ?' ಎಂದು ಕೇಳಿಯಾರು." ಹತ್ತು ಜನ ಫೋನು ಮಾಡಿ ಹೊಗಳಿದರು. ಇದು ಮುಖ್ಯ. ಹೊಗಳಿಕೆ ಸಿಕ್ಕ ವಿಷಯ ಮುಗಿದ ವಿಷಯ ಎಂದು ತಲೆ ತಿಳಿದುಬಿಡುತ್ತದೆ.

ಎರಡು ತಿಂಗಳ ಮೇಲೆ ಒಂದು ಬುಧವಾರ ಅದೇ ಗೇರುತೋಟದ ಅಳತೆ ನನ್ನ ಪಾಲಿಗೆ ಬಂತು. ಮಾಲೀಕರು ಶಿವಮೊಗ್ಗದಲ್ಲಿ ನೆಲೆಸಿದವರು. ರಸ್ತೆ ಕಡೆಯ ಅರ್ಧ ಮಾರುವವರಿದ್ದರು. ಮಾರುವ ಮುಂಚೆ ಭಾಗ ಮಾಡಿ ನಕ್ಷೆ ಆಗಬೇಕು. ನೋಟಿಸು ಬಾಜುದಾರರಿಗೆ ಮಾತ್ರ ಹೋಗುತ್ತದೆ. ಲೀಲಕ್ಕನ ಮನೆ ಒಂದು ಜಮೀನು ಆಚೆ ಇದ್ದುದರಿಂದ ಅವರಿಗೆ ಹೋಗಲಿಲ್ಲ. ವಾರದ ದಿನ, ಅವರು ಅಂಗನವಾಡಿಯಲ್ಲಿದ್ದರು. ನಾನು ಅದೇ ಕಾಲುದಾರಿಯಲ್ಲಿ ಒಳಗೆ ಹೋದೆ. ಅದೇ ಹಲಸಿನ ಮರಕ್ಕೆ ಸಿಕ್ಕಿಕೊಂಡ ಟೇಪು ಬಿಡಿಸಿದೆ. ಅಳತೆ ಅಂಗುಲ ತಪ್ಪಿಲ್ಲ. ನಕ್ಷೆಯಲ್ಲಿ ಕಾಲುದಾರಿಯನ್ನು ಚುಕ್ಕಿ ಗೆರೆಯಿಂದ ತೋರಿಸಬೇಕು. ತೋರಿಸಲಿಲ್ಲ.

ಯಾರೂ ನನಗೆ ಏನೂ ಹೇಳಿರಲಿಲ್ಲ, ಕೊಟ್ಟಿರಲಿಲ್ಲ. ದಾರಿ ಕಾಣಲಿಲ್ಲವೆಂದೂ ಅಲ್ಲ. ಅದನ್ನು ನಾನು ಆಗಲೇ ಬರೆದು ಮುಗಿಸಿದ್ದೆ, ಅಷ್ಟೆ. ಸಣ್ಣ ಪುಸ್ತಕಕ್ಕೆ ಹೋದದ್ದು ಹಸಿರು ಪುಸ್ತಕಕ್ಕೆ ಬರಲಿಲ್ಲ. ಆ ಹೊತ್ತಿನಲ್ಲಿ ಮುಂದಿನ ಅಂಕಣದ ಮೊದಲ ವಾಕ್ಯ ತಿದ್ದುತ್ತಿದ್ದೆ ಎಂಬುದೂ ನೆನಪಿದೆ. ಶಿವಪ್ಪನವರ ಬೆರಳು ನಕ್ಷೆಯ ಮೇಲೆ ಓಡಿತು, ಎಲ್ಲೂ ನಿಲ್ಲಲಿಲ್ಲ. ಹಳೆಯ ಗ್ರಾಮ ನಕ್ಷೆಯಲ್ಲಿ ಆ ದಾರಿ ಇರಲಿಲ್ಲ. ಅದು ಆಮೇಲೆ ಜನ ನಡೆದು ಆದದ್ದು.

ಜಮೀನು ಕೊಂಡವರು ತೀರ್ಥಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಾಗರಾಜಣ್ಣ. ಅಂಗಡಿಯಲ್ಲೇ ತಂತಿ ಇತ್ತು, ತಿಂಗಳೊಳಗೆ ಸುತ್ತಲೂ ಬೇಲಿ ಎದ್ದಿತು.

ಒಂದು ಶನಿವಾರ ಲೀಲಕ್ಕ ಕಚೇರಿಗೆ ಬಂದರು. ಕೈಯಲ್ಲಿ ಮಡಚಿದ ಪತ್ರಿಕೆ. ಅದನ್ನು ನನ್ನ ಮೇಜಿನ ಮೇಲೆ ಬಿಡಿಸಿದರು, ಪಕ್ಕದಲ್ಲಿ ನಾಗರಾಜಣ್ಣನಿಂದ ತಂದ ನಕ್ಷೆಯ ಜೆರಾಕ್ಸು ಇಟ್ಟರು. ನನ್ನ ಹೆಸರು ಎರಡರಲ್ಲೂ ಇತ್ತು.

"ತಮ್ಮಾ, ಪೇಪರ್ ಬರಿವಾಗ ದಾರಿ ಕಾಣ್ತದೆ, ನಕ್ಷೆ ಬರಿವಾಗ ಕಾಣದಿಲ್ವಾ?"

ನಾನು ಎದ್ದು ಅವರಿಗೆ ಕುರ್ಚಿ ಎಳೆದು ಕೊಟ್ಟೆ.

"ಬೈಯೋಕೆ ಬಂದಿದ್ದಲ್ಲ" ಎಂದರು. "ನಾನು ಬೇಕಾರೆ ಹಳ್ಳದ ಕಡೆಯಿಂದ ಸುತ್ತಿ ಬರ್ತೀನಿ. ಅಲ್ಲಿ ಸಂಕ ದಾಟ್ಬೇಕು, ಎರಡು ಮರದ ದಿಮ್ಮಿ ಅಷ್ಟೆ. ಇವ್ರಿಗೆ ಆಗಲ್ಲ. ಇವ್ರು ಮನೆಯಿಂದ ಹೊರಗೆ ಬಂದು ಇಪ್ಪತ್ತೆರಡು ದಿನ ಆಯ್ತು. ಮಾತೂ ಕಮ್ಮಿ ಮಾಡಿದಾರೆ. ನಾಗರಾಜಣ್ಣ ಒಳ್ಳೇರೇ. 'ದಾರಿ ಇದ್ರೆ ನಕ್ಷೆಲಿ ತೋರ್ಸಿ, ಬಿಡ್ತೀನಿ' ಅಂತಾರೆ. ಎಲ್ಲಿ ತೋರ್ಸನ?"

ಅವರು ಹೋದ ಮೇಲೆ ಫೋನು ಕೈಗೆತ್ತಿಕೊಂಡೆ. ನಾಗರಾಜಣ್ಣನ ನಂಬರು ಇತ್ತು, ಶಿವಪ್ಪನವರ ದನಿ ಇತ್ತು. "ಹ್ಞಾ... ಬೇಲಿ ತೆಗೀರಿ" ಎಂದರೆ ಪ್ರಾಯಶಃ ತೆಗೆಯುತ್ತಿದ್ದರು. ಆದರೆ ಯಾವತ್ತೋ ಒಂದು ದಿನ ಅವರು ಕಾಗದ ಕೇಳಿದಾಗ ಲೀಲಕ್ಕನ ಕೈಯಲ್ಲಿ ಮತ್ತೆ ಪತ್ರಿಕೆಯ ತುಂಡೇ ಇರುತ್ತಿತ್ತು. ಫೋನು ಇಟ್ಟು ಒಂದು ಹಾಳೆ ತೆಗೆದುಕೊಂಡೆ. ಹದಿಮೂರು ವರ್ಷದಲ್ಲಿ ಅಷ್ಟು ಚಿಕ್ಕದಾಗಿ ನಾನು ಏನನ್ನೂ ಬರೆದಿರಲಿಲ್ಲ: "ಸ್ಥಳದಲ್ಲಿ ಕಾಲುದಾರಿ ಇತ್ತು. ನಾನು ಕಂಡಿದ್ದೆ. ನಕ್ಷೆಯಲ್ಲಿ ತೋರಿಸಲಿಲ್ಲ."

ಶಿವಪ್ಪನವರು ಓದಿದರು. ಬೆರಳು ಎರಡನೆಯ ವಾಕ್ಯದ ಮೇಲೆ ನಿಂತಿತು.

"ಇದನ್ನ ತೆಗಿ. 'ಕಣ್ತಪ್ಪಿನಿಂದ ಬಿಟ್ಟುಹೋಗಿದೆ' ಅಂತ ಹಾಕು. ಒಂದು ಎಚ್ಚರಿಕೆ ಪತ್ರ ಬರ್ತದೆ, ಮುಗೀತು. 'ಕಂಡಿದ್ದೆ' ಅಂತ ಬರೆದ್ರೆ ಲೈಸೆನ್ಸ್ ಹೋಗ್ತದೆ ಕಣೋ ಮಂಜ."

"ಸಾರ್, ಕಣ್ತಪ್ಪು ಅಂದ್ರೆ ದಾರಿ ಇತ್ತು ಅನ್ನೋದಕ್ಕೆ ಸಾಕ್ಷಿ ಏನು ಅಂತ ಮೇಲಿನೋರು ಕೇಳ್ತಾರಲ್ಲ. ಬೇಲಿ ಹಾಕಿ ಉತ್ತಾಗಿದೆ. ಮೂರು ಮನೆಯವ್ರ ಮಾತು ಬಿಟ್ರೆ ಬೇರೇನಿಲ್ಲ."

"ಮತ್ತೆ ನಿನ್ನ ಹತ್ರ ಏನಿದೆ?"

ಲೀಲಕ್ಕ ಮೇಜಿನ ಮೇಲೆ ಬಿಟ್ಟುಹೋಗಿದ್ದ ಪತ್ರಿಕೆ ಕೊಟ್ಟೆ. ಅಳತೆಗೆ ಎರಡು ತಿಂಗಳು ಮುಂಚೆ ಅಚ್ಚಾದದ್ದು, ದಾರಿ ಎಲ್ಲಿಂದ ಎಲ್ಲಿಗೆ ಎಂದು ಸ್ಪಷ್ಟವಾಗಿ ಹೇಳುವ, ತಾರೀಖು ಇರುವ ಒಂದೇ ಒಂದು ಕಾಗದ. ಕೊಟ್ಟ ಮೇಲೆ ನೆನಪಾಯಿತು ಅದರಲ್ಲಿ ಇನ್ನೇನಿದೆ ಎಂದು. ಕಿತ್ತುಕೊಳ್ಳುವ ಹಾಗಿಲ್ಲ.

ದಾಖಲೆಗೆ ಸೇರುವ ಕಾಗದವನ್ನು ಶಿವಪ್ಪನವರು ಗಟ್ಟಿಯಾಗಿ ಓದುವುದು ರೂಢಿ. ಕನ್ನಡಕ ಹಣೆಗೇರಿಸಿ ಶುರುಮಾಡಿದರು. ಕಚೇರಿ ಕಿವಿಗೊಟ್ಟಿತು. ಗೇರುತೋಟ ಬಂತು, ಲೀಲಕ್ಕ ಬಂದರು, ಹಲಸಿನ ಮರ ಬಂತು. "ನಮ್ಮ ತಪಾಸಕರೇನಾದರೂ ಈ ದಾರಿಯಲ್ಲಿ ಬಂದರೆ..." ಎನ್ನುವಲ್ಲಿ ಎರಡು ಸಲ ಕೆಮ್ಮಿದರು. ಆಮೇಲೆ ತಮ್ಮದೇ ದನಿಯಲ್ಲಿ, "ಹ್ಞಾ... ನೀನು ಎಲ್ಲಿ ನಿಂತು ನೋಡ್ದೆ?" ಎಂದು ಓದಿದರು. ನಾನು ಇಷ್ಟು ವರ್ಷ ಮಾಡಿದ್ದೆಲ್ಲ ಎಷ್ಟು ಸಪ್ಪೆ ಎಂದು ಆಗ ತಿಳಿಯಿತು. ಕಂಪ್ಯೂಟರಿನ ಹಿಂದೆ ಯಾರೋ ಬಾಯಿಗೆ ಕರವಸ್ತ್ರ ತುರುಕಿಕೊಂಡರು.

ಶಿವಪ್ಪನವರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಕಾಗದದ ಮೂಲೆಯಲ್ಲಿ 'ಅಡಕ ಒಂದು' ಎಂದು ಬರೆದು ಸಹಿ ಹಾಕಿದರು. "ತಪಾಸಣೆ ಮಾಡಿದೋನು ನಾನು. ಜಾಗಕ್ಕೆ ಹೋಗಿ ನೋಡ್ಬೇಕಿತ್ತು, ಹೋಗ್ಲಿಲ್ಲ. ಅದನ್ನೂ ಒಂದು ಸಾಲು ಬರೀತೀನಿ ತಾಳು" ಎಂದು ನನ್ನ ಹೇಳಿಕೆಯ ಕೆಳಗೆ ತಾವೂ ಬರೆದರು. ನಿವೃತ್ತಿಗೆ ಏಳು ತಿಂಗಳಿದ್ದ ಮನುಷ್ಯ. ಅವತ್ತಿನಿಂದ ನಾನು ಅವರ ದನಿ ತೆಗೆದಿಲ್ಲ.

ನನ್ನ ಪರವಾನಗಿ ಅಮಾನತಾಯಿತು. ನವೀಕರಣದ ಹೊತ್ತಿಗೆ ಅರ್ಜಿ ಹಾಕಬಹುದಿತ್ತು, ಹಾಕಲಿಲ್ಲ. ಸಿಟ್ಟಿನಿಂದಲ್ಲ. ಎರಡು ಕೆಲಸಗಳನ್ನು ಒಂದೇ ತಲೆಯಲ್ಲಿ ಇಟ್ಟುಕೊಂಡು, ಎರಡಕ್ಕೂ ನ್ಯಾಯ ಕೊಡುವವರು ಇದ್ದಾರೆ. ನಾನು ಹಾಗಲ್ಲ ಎಂದು ಗೊತ್ತಾಗಿತ್ತು. ನನ್ನಲ್ಲಿ ಬರೆಯುವವನು ಕಂಡದ್ದನ್ನೆಲ್ಲ ತನ್ನದು ಮಾಡಿಕೊಂಡು, ಅಳೆಯುವವನಿಗೆ ಏನೂ ಉಳಿಸುತ್ತಿರಲಿಲ್ಲ. ಕಥೆ ಬರೆಯುವ ತರುಣನಿಗೆ ಹೇಳಬೇಕಿದ್ದ ಮಾತು ಇದು. ಬರಿ, ಸುತ್ತು, ಬೇಡವೆನ್ನುವುದಿಲ್ಲ. ಆದರೆ ನಿನಗೆ ಸೊಗಸಾಗಿ ಕಂಡ ದಾರಿಯಲ್ಲಿ ಯಾರೋ ದಿನಾ ನಡೆಯುತ್ತಿರುತ್ತಾರೆ. ಮೊದಲು ಅದನ್ನು ನಕ್ಷೆಗೆ ಹಾಕು.

ತಿದ್ದುಪಡಿಯ ಅಳತೆ ಸುಮಾ ಎಂಬ ಹೊಸ ಸರ್ವೆಯರ್ ಪಾಲಿಗೆ ಬಂತು. ನಾನು ಹೋದದ್ದು ಹೇಳಿಕೆ ಕೊಟ್ಟವನಾಗಿ. ಮರದಡಿ ರೋವರ್ ಬಾಯಿ ಬಿಡಲಿಲ್ಲ. "ಸರ್, ಟೇಪಿನ ಆ ತುದಿ ಹಿಡ್ಕಳ್ತೀರಾ?" ಎಂದಳು. ಹಿಡಿದುಕೊಂಡೆ. ನಾಗರಾಜಣ್ಣ ಬಂದಿದ್ದರು, ಶಿವಪ್ಪನವರು ಹಲಸಿನ ಮರದಡಿ ನಿಂತಿದ್ದರು. ನಾಗರಾಜಣ್ಣ ತಂತಿ ಬಿಚ್ಚಿಸಲು ಒಪ್ಪಿದ್ದರು, ಆದರೆ ಅಂಗಡಿಯವರು, ಲೆಕ್ಕದವರು.

"ಕಾಲುದಾರಿ ಅಂದ್ರೆ ಒಬ್ರು ನಡೆಯೋದು. ಮೂರು ಅಡಿ ಬಿಡ್ತೀನಿ. ನಂದೂ ಗಿಡ ಹಾಕಿದ ಜಾಗ" ಎಂದರು. ತಪ್ಪು ಮಾತಲ್ಲ.

ಸುಮಾ ನನ್ನ ಮುಖ ನೋಡಿದಳು. ನಾನು ಏನೂ ಹೇಳುವ ಅಧಿಕಾರದಲ್ಲಿರಲಿಲ್ಲ. ಅವಳು ಲೀಲಕ್ಕನ ಕಡೆ ತಿರುಗಿ, "ಅಕ್ಕಾ, ನೀವು ದಿನಾ ಹೇಗೆ ನಡೀತಿದ್ರೋ ಹಾಗೇ ಒಂದ್ಸಲ ನಡೆದು ತೋರಿಸ್ತೀರಾ?" ಎಂದಳು. ಆ ಪ್ರಶ್ನೆ ನನಗೆ ಹದಿಮೂರು ವರ್ಷದಲ್ಲಿ ಹೊಳೆದಿರಲಿಲ್ಲ.

ಲೀಲಕ್ಕ ದಿಣ್ಣೆ ಏರಿ ಹೋಗಿ ಚಂದ್ರಣ್ಣನನ್ನು ಕರೆತಂದರು. ಒಂದು ಕಡೆ ಊರುಗೋಲು, ಒಂದು ಕಡೆ ಹೆಗಲು. ತಿಂಗಳುಗಟ್ಟಲೆ ನಡೆಯದ ಕಾಲು ಪ್ರತಿ ಹೆಜ್ಜೆಗೂ ಯೋಚಿಸಿ ಏಳುತ್ತಿತ್ತು. "ಕೊಸರ್ಬೇಡಿ, ಎಲ್ರೂ ನೋಡ್ತಿದಾರೆ" ಎಂದು ಲೀಲಕ್ಕ ಗದರಿದರು. "ನೋಡ್ಲಿ ಬಿಡು, ನಂಗೂ ಜನ ನೋಡಿ ಎಷ್ಟು ದಿನ ಆಯ್ತು" ಎಂದರು ಚಂದ್ರಣ್ಣ.

ಅವರು ಎದುರಿಗೆ ಬಂದಾಗ ಸುಮಾ ಟೇಪಿನ ಒಂದು ತುದಿಯನ್ನು ಊರುಗೋಲಿನ ಪಕ್ಕ ನೆಲಕ್ಕಿಟ್ಟಳು. ನಾನು ಇನ್ನೊಂದು ತುದಿಯನ್ನು ಲೀಲಕ್ಕನ ಪಾದದ ಹೊರಗೆ ಹಿಡಿದೆ. ನಾಗರಾಜಣ್ಣ ಬಗ್ಗಿ ನೋಡಿದರು. ನಾಲ್ಕು ಅಡಿ ಎರಡು ಅಂಗುಲ. ಆ ಇಬ್ಬರ ಕಾಲುಗಳನ್ನು ಇನ್ನೊಮ್ಮೆ ನೋಡಿದರು.

"ಐದು ಬರ್ಕಳಿ" ಎಂದರು.

ಸುಮಾ ಬರೆದುಕೊಂಡಳು. ಚಂದ್ರಣ್ಣ ನಿಲ್ಲಲಿಲ್ಲ, ಹೆಂಡತಿಯ ಹೆಗಲು ಹಿಡಿದು ಬೇಲಿ ಬಿಚ್ಚಿದ ಕಡೆಯಿಂದ ರಸ್ತೆಗೆ ಹೊರಟಿದ್ದರು. ಅವರ ಕಾಲಿಗೆ ತೊಡರದಿರಲಿ ಎಂದು ನಾನು ಟೇಪು ಸುತ್ತಿಕೊಂಡೆ.